ಟ್ರೀಟ್‌ಮೆಂಟ್ ಮುಗೀತು, ಮುಂದೇನು? ತಂಬಾಕಿನ ಸೀಮೆಯಲ್ಲಿ ಮೂರು ಸಲಹೆಗಳ ಇತಿಹಾಸ

ಇವತ್ತಿನ ಎಪಿಸೋಡ್ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳದ್ದು. ಕೃಷ್ಣಾ, ದೂಧಗಂಗಾ, ವೇದಗಂಗಾ ಹರಿಯುವ ಸೀಮೆ. ಕಬ್ಬಿನ ಸೀಮೆ, ತಂಬಾಕಿನ ಸೀಮೆ. ವಿಷಯ ಸ್ವಲ್ಪ ಭಾರವಾದದ್ದು: ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಬದುಕು.

ಮೊದಲೇ ಹೇಳಿಬಿಡ್ತೀನಿ, ನಾನು ಕಾಮರ್ಸ್ ಓದಿದವಳು, ಡಾಕ್ಟರ್ ಅಲ್ಲ. ಇದು ಇತಿಹಾಸದ ಎಪಿಸೋಡ್. ಯಾವ ಸಲಹೆ ಎಲ್ಲಿಂದ ಬಂತು, ಅದನ್ನ ಯಾರು ಪರೀಕ್ಷೆ ಮಾಡಿ ನೋಡಿದರು, ಯಾವುದು ಪಾಸಾಯ್ತು, ಯಾವುದು ಫೇಲಾಯ್ತು, ಇಷ್ಟೇ ನನ್ನ ಕೆಲಸ. ನಿಮ್ಮ ಮನೆಯವರ ದೇಹದ ವಿಷಯಕ್ಕೆ ನಿಮ್ಮ ಡಾಕ್ಟರ ಮಾತೇ ಕೊನೆಯದು.

ಈ ಭಾಗದಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಕಾಗವಾಡ, ಅಥಣಿಯವರಿಗೆ ಮಿರಜ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಲಾಪುರ, ಬೆಳಗಾವಿ. ಕೆಲವರು ಹುಬ್ಬಳ್ಳಿಗೆ ಹೋಗ್ತಾರೆ, ಕೆಲವರು ಮುಂಬೈನ ಟಾಟಾ ಆಸ್ಪತ್ರೆಗೆ. ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಆಗುತ್ತೆ. ಒಂದು ದಿನ ದಪ್ಪ ಫೈಲ್ ಕೈಗೆ ಕೊಟ್ಟು, "ಮೂರು ತಿಂಗಳು ಬಿಟ್ಟು ಬರ್ರಿ" ಅಂತ ಕಳಿಸ್ತಾರೆ. ಹೋಗುವಾಗ ದಾರಿ ತೋರಿಸಿದವರು ಹತ್ತು ಮಂದಿ. ಬಂದ ಮೇಲೆ ಏನು ಅಂತ ಹೇಳುವವರು ಕಡಿಮೆ.

ಹೇಳುವವರೇ ಇಲ್ಲ ಅಂತಲ್ಲ. ಮಾತಾಡಿಸೋಕೆ ಬಂದವರು ಚಹಾ ಮುಗಿಸೋದ್ರೊಳಗೆ ಮೂರು ಸಲಹೆ ಕೊಟ್ಟೇ ಹೋಗ್ತಾರೆ.

ಒಂದು: "ಸುಮ್ನ ಮಲ್ಕೋ. ಯಾವ ಕೆಲ್ಸಾನೂ ಮುಟ್ಟಬ್ಯಾಡ."

ಎರಡು: "ಸಕ್ರಿ ಬಂದ್ ಮಾಡು, ಮೊಸರ ಬಂದ್ ಮಾಡು. ಒಂದು ಪುಡಿ ಐತಿ, ತರಿಸಿಕೊಡ್ತೀನಿ."

ಮೂರನೆಯದನ್ನ ಸ್ವಲ್ಪ ದನಿ ತಗ್ಗಿಸಿ ಹೇಳ್ತಾರೆ: "ಆಗೂದು ಆಗೇತಿ. ಇನ್ನ ತಂಬಾಕ ಬಿಟ್ಟು ಏನ್ ಮಾಡೂದೈತಿ?"

ಪ್ರೀತಿಯಿಂದಲೇ ಹೇಳ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ಮೂರಕ್ಕೂ ಒಂದೊಂದು ಇತಿಹಾಸ ಇದೆ. ಒಂದೊಂದಾಗಿ ನೋಡೋಣ.

ದಡಕ್ಕೆ ತಂದು ಬಿಟ್ಟ ಮೇಲೆ

ಅದಕ್ಕೂ ಮೊದಲು ಒಬ್ಬರ ಪರಿಚಯ. ಫಿಟ್ಜ್‌ಹ್ಯೂ ಮಲ್ಲನ್ ಅಂತ ಅಮೆರಿಕದ ಡಾಕ್ಟರ್. ಅವರಿಗೇ ಕ್ಯಾನ್ಸರ್ ಆಯ್ತು, ಚಿಕಿತ್ಸೆ ಪಡೆದು ಬದುಕಿದರು. 1985ರಲ್ಲಿ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಪುಟ್ಟ ಲೇಖನ ಬರೆದರು. ಅದರ ತಾತ್ಪರ್ಯ ಇಷ್ಟು: ನೀರಲ್ಲಿ ಮುಳುಗುತ್ತಿರುವವರನ್ನ ಎಳೆದು ತರುವ ವಿದ್ಯೆಯನ್ನ ನಾವು ಬಹಳ ಚೆನ್ನಾಗಿ ಕಲಿತಿದ್ದೇವೆ, ಆದರೆ ಮೇಲೆ ತಂದು ಹಾಕಿದ ಕೂಡಲೇ ನಮ್ಮ ಕೆಲಸ ಮುಗೀತು ಅಂದುಕೊಂಡಿದ್ದೇವೆ.

2019ರ ಆಗಸ್ಟ್ ಕಂಡವರಿಗೆ ಈ ಮಾತನ್ನ ವಿವರಿಸಬೇಕಾಗಿಲ್ಲ. ಕೃಷ್ಣೆ ಊರೊಳಗೆ ಬಂದಾಗ ಬೋಟು ಬಂತು, ಜನ ಕಾಳಜಿ ಕೇಂದ್ರಕ್ಕೆ ಹೋದರು, ಜೀವ ಉಳೀತು. ನೀರು ಇಳಿದ ಮೇಲೆ ಕೆಸರು ತುಂಬಿದ ಮನೆಗೆ ವಾಪಸ್ ಬಂದು ನಿಂತ ದಿನ ಇದೆಯಲ್ಲ, ಆ ದಿನದಿಂದ ಇನ್ನೊಂದು ಲೆಕ್ಕ ಶುರುವಾಯ್ತು. ಗೋಡೆ ಒಣಗಬೇಕು, ಕಾಳು ಬೇಕು, ಮತ್ತೆ ಮಳೆ ಬಂದರೆ ಅನ್ನೋ ಭಯ ಬೇರೆ. ಚಿಕಿತ್ಸೆ ಮುಗಿಸಿ ಬಂದವರದ್ದೂ ಹೀಗೇ. ರೋಗ ಇಳಿದಿದೆ. ಕೆಸರು ಹಾಗೇ ಇದೆ: ಸುಸ್ತು, ಎತ್ತಲಾಗದ ತೋಳು, ಒಣಗಿದ ಬಾಯಿ, ಸಾಲ, ಮತ್ತೆ ಬಂದರೆ ಅನ್ನೋ ಭಯ.

ಮಲ್ಲನ್ ಮತ್ತು ಸಂಗಡಿಗರು 1986ರಲ್ಲಿ ಕ್ಯಾನ್ಸರ್‌ನಿಂದ ಬದುಕಿದವರ ಸಂಘಟನೆ ಕಟ್ಟಿದರು. ಚಿಕಿತ್ಸೆ ನಂತರದ ಕಾಲವನ್ನೂ ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕು ಅನ್ನೋ ಮಾತು ಅಲ್ಲಿಂದ ಜೋರಾಯ್ತು. ಅಂದರೆ ಈ ಇಡೀ ವಿಷಯಕ್ಕೆ ಇನ್ನೂ ಸುಮಾರು 40 ವರ್ಷ ವಯಸ್ಸು. ನಮ್ಮ ಮನೆಗಳಲ್ಲಿ ಓಡಾಡುವ ಸಲಹೆಗಳ ವಯಸ್ಸು ಇದಕ್ಕಿಂತ ಬಹಳ ಹೆಚ್ಚು.

ಮೊದಲ ಸಲಹೆ: ಸುಮ್ನ ಮಲ್ಕೋ

ರಾಯಬಾಗ ಕಡೆಯಿಂದ ಮಿರಜಕ್ಕೆ ರೈಲಿನಲ್ಲಿ ಹೋದರೆ ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜ ಬರುತ್ತೆ. ಕೆನಡಾದಿಂದ ಬಂದ ಮಿಷನರಿ ಡಾಕ್ಟರ್ ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಮಿರಜ ಇವತ್ತಿಗೂ ಆಸ್ಪತ್ರೆಗಳ ಊರಾಗಿರೋದರ ಬೇರು ಅದು. ಮಿರಜ ಮತ್ತು ಸಾಂಗ್ಲಿ ನಡುವೆ ವಾನ್‌ಲೆಸ್‌ವಾಡಿ ಅಂತ ಒಂದು ಜಾಗ ಇದೆ. ಅಲ್ಲಿ ಕ್ಷಯರೋಗಿಗಳಿಗೆ ಸ್ಯಾನಿಟೋರಿಯಂ ಇತ್ತು.

ಸ್ಯಾನಿಟೋರಿಯಂ ಅಂದರೆ ಏನು? ಔಷಧಿ ಇಲ್ಲದ ಕಾಲದಲ್ಲಿ ಕ್ಷಯಕ್ಕೆ ಇದ್ದ ಉಪಾಯ: ಶುದ್ಧ ಗಾಳಿ, ಒಳ್ಳೆ ಊಟ, ತಿಂಗಳುಗಟ್ಟಲೆ ಹಾಸಿಗೆ. ದೊಡ್ಡ ರೋಗ ಬಂದರೆ ಅಲುಗಾಡಬಾರದು ಅನ್ನೋ ಭಾವನೆ ಗಟ್ಟಿಯಾಗೋದರಲ್ಲಿ ಆ ಕಾಲದ ಪಾಲು ದೊಡ್ಡದು ಅಂತ ನನಗನ್ನಿಸುತ್ತೆ. ಅಜ್ಜ-ಅಜ್ಜಿಯರ ತಲೆಮಾರಿಗೆ "ದೊಡ್ಡ ಬ್ಯಾನಿ" ಅಂದರೆ ಕ್ಷಯವೇ ತಾನೆ?

ಈ ಹಾಸಿಗೆ ಸಿದ್ಧಾಂತವನ್ನ ಅಲುಗಾಡಿಸಿದ ದೊಡ್ಡ ಪರೀಕ್ಷೆಯೊಂದು ನಡೆದದ್ದು ಲಂಡನ್ನಿನಲ್ಲಿ ಅಲ್ಲ, ಮದ್ರಾಸಿನಲ್ಲಿ. ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರದವರು 193 ರೋಗಿಗಳನ್ನ ತಗೊಂಡರು. ಚೀಟಿ ಎತ್ತಿದ ಹಾಗೆ ಅವರನ್ನ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ, ಒಳ್ಳೆ ಊಟ, ಪೂರ್ತಿ ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ, ಕಡಿಮೆ ಊಟ, ಕಡಿಮೆ ವಿಶ್ರಾಂತಿ. ಇಬ್ಬರಿಗೂ ಒಂದೇ ಔಷಧಿ. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಗುಣ ಮಾಡಿದ್ದು ಔಷಧಿ. ಹಾಸಿಗೆಗೆ ನಾವು ಕೊಟ್ಟಿದ್ದ ಅರ್ಧ ಕ್ರೆಡಿಟ್ ಅದರದ್ದಾಗಿರಲಿಲ್ಲ.

ಈ ರೀತಿ ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸೋದು ಯಾಕೆ ಮುಖ್ಯ ಅಂತ ಕೇಳಿದರೆ, "ನಮ್ಮ ಮಾಮಾಗ ಇದರಿಂದ ಆರಾಮಾತು" ಅನ್ನೋ ಮಾತಿಗೂ ಪುರಾವೆಗೂ ಇರೋ ವ್ಯತ್ಯಾಸ ಅದೇ. ಮಾಮಾ ಅದು ಇಲ್ಲದೇ ಇದ್ದರೂ ಆರಾಮಾಗ್ತಿದ್ದರಾ? ಇನ್ನೊಂದು ಗುಂಪು ಇಲ್ಲದೆ ಇದಕ್ಕೆ ಉತ್ತರ ಸಿಗಲ್ಲ.

ಕ್ಯಾನ್ಸರ್‌ನಲ್ಲಿ ಈ ಪ್ರಶ್ನೆ ಬಂದದ್ದು 1980ರ ದಶಕದಲ್ಲಿ. ಅಮೆರಿಕದ ಒಹಾಯೊದಲ್ಲಿ ಮ್ಯಾಕ್‌ವಿಕರ್, ವಿನ್ನಿಂಗ್‌ಹ್ಯಾಮ್ ಅನ್ನೋ ಇಬ್ಬರು ನರ್ಸಿಂಗ್ ಸಂಶೋಧಕಿಯರು ಸ್ತನ ಕ್ಯಾನ್ಸರ್‌ಗೆ ಕಿಮೋ ತಗೊಳ್ತಿದ್ದ 45 ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಒಂದು ಗುಂಪಿಗೆ 10 ವಾರ, ವಾರಕ್ಕೆ ಮೂರು ಸಲ ನಿಂತಲ್ಲೇ ತುಳಿಯುವ ಸೈಕಲ್. 1989ರಲ್ಲಿ ಫಲಿತಾಂಶ ಪ್ರಕಟವಾಯ್ತು: ತುಳಿದವರ ದೇಹದ ಶಕ್ತಿ ಹೆಚ್ಚಿತ್ತು. ಕಿಮೋ ನಡೆಯುವಾಗಲೇ!

ಆಮೇಲೆ ತೋಳಿನ ಪ್ರಶ್ನೆ. ಸ್ತನದ ಆಪರೇಷನ್ ಆದವರಿಗೆ ಕಂಕುಳಿನ ಗಂಟು ತೆಗೆದಿದ್ದರೆ ತೋಳು ಬಾತುಕೊಳ್ಳುವ ಸಾಧ್ಯತೆ ಇರುತ್ತೆ. ಹಾಗಾಗಿ "ಭಾರ ಎತ್ತಬ್ಯಾಡ, ಕೂಸಿನ್ನೂ ಎತ್ತಬ್ಯಾಡ" ಅಂತ ಹೇಳ್ತಾ ಬಂದರು. ಕೊಡ ಹೊರುವ, ಹುಲ್ಲಿನ ಹೊರೆ ಹೊರುವ ಹೆಂಗಸಿಗೆ ಈ ಮಾತು ಅಂದರೆ ಅರ್ಧ ಬದುಕೇ ಬಂದ್ ಆದ ಹಾಗೆ. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ತಂಡ, ತೋಳು ಬಾತಿದ್ದ 141 ಹೆಂಗಸರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ತರಬೇತಿಯೊಂದಿಗೆ, ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸ್ತಾ ವಾರಕ್ಕೆ ಎರಡು ಸಲ ತೂಕ ಎತ್ತಿದವರಿಗೆ ಬಾವು ಹೆಚ್ಚಾಗಲಿಲ್ಲ. ಅಷ್ಟೇ ಅಲ್ಲ, ಬಾವು ಕೆರಳುವ ತೊಂದರೆ ಅವರಲ್ಲೇ ಕಡಿಮೆ ಇತ್ತು. ಇಲ್ಲಿ "ಸ್ವಲ್ಪ ಸ್ವಲ್ಪ", "ತರಬೇತಿ" ಅನ್ನೋ ಪದಗಳನ್ನ ಮರೀಬೇಡಿ. ನಾಳೆಯೇ ತುಂಬಿದ ಕೊಡ ಎತ್ತಿ ಅಂತ ಇದರ ಅರ್ಥ ಅಲ್ಲ.

ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು ಬಾಯಿ ಕ್ಯಾನ್ಸರ್. 2015ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನ ಡಾ. ಅನಿಲ್ ಡಿಕ್ರೂಜ್ ತಂಡ ಜಗತ್ತೇ ಗಮನಿಸಿದ ಫಲಿತಾಂಶ ಕೊಟ್ಟಿತು. ಆರಂಭದ ಹಂತದ ಬಾಯಿ ಕ್ಯಾನ್ಸರ್ ಇದ್ದ 500 ರೋಗಿಗಳಲ್ಲಿ, ಮೊದಲ ಆಪರೇಷನ್ನಿನಲ್ಲೇ ಕುತ್ತಿಗೆಯ ಗಂಟುಗಳನ್ನೂ ತೆಗೆದವರ ಪೈಕಿ ಮೂರು ವರ್ಷದ ನಂತರ ಬದುಕಿದ್ದವರು 80%. ಕಾದು ನೋಡಿ, ಬೇಕಾದಾಗ ಮಾತ್ರ ತೆಗೆದವರಲ್ಲಿ 67.5%. ಹಾಗಾಗಿ ಕುತ್ತಿಗೆಯ ಆಪರೇಷನ್ ಜೀವ ಉಳಿಸುತ್ತೆ. ಆದರೆ ಭುಜ ಎತ್ತುವ ಸ್ನಾಯುವಿನ ನರ ಆ ಗಂಟುಗಳ ನಡುವೆಯೇ ಹಾದು ಹೋಗುತ್ತೆ. ನರ ಉಳಿಸಿದರೂ ಅದು ಸ್ವಲ್ಪ ಕಾಲ ಮಂಕಾಗಬಹುದು. ಭುಜ ಜೋತು ಬೀಳುತ್ತೆ, ಅಂಗಿ ಹಾಕಿಕೊಳ್ಳೋದೂ ಕಷ್ಟ. "ಆಪರೇಷನ್ ಆದ ಕೈ, ಅಲುಗಾಡಿಸಬ್ಯಾಡ" ಅಂತ ಮನೆಯವರು ಹೇಳ್ತಾರೆ. 2008ರಲ್ಲಿ ಕೆನಡಾದಲ್ಲಿ 52 ಇಂಥ ರೋಗಿಗಳ ಮೇಲೆ ನಡೆದ ಪರೀಕ್ಷೆ ಹೇಳಿದ್ದು ಇದರ ಉಲ್ಟಾ: 12 ವಾರ ಹಂತಹಂತವಾಗಿ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟವರಲ್ಲಿ ಭುಜದ ನೋವು, ತೊಂದರೆ ಹೆಚ್ಚು ಇಳೀತು. ಬಾಯಿಗೂ ಹೀಗೇ. ರೇಡಿಯೇಷನ್ ಆದ ಮೇಲೆ ದವಡೆ ಬಿಗಿದುಕೊಳ್ಳುತ್ತೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಬಾಯಿ ತೆರೆಯುವ ವ್ಯಾಯಾಮವನ್ನ ದಿನಕ್ಕೆ ಹಲವು ಸಲ ಮಾಡದೇ ಹೋದರೆ ಮುಂದೆ ರೊಟ್ಟಿ ಚೂರೂ ಒಳಗೆ ಹೋಗೋದು ಕಷ್ಟ.

ಕೊನೆಯದು ಇತ್ತೀಚಿನದು, 2025ರದ್ದು. ಚಾಲೆಂಜ್ ಅನ್ನೋ ಹೆಸರಿನ ಪರೀಕ್ಷೆ, ಹೆಚ್ಚಾಗಿ ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ನಡೆದದ್ದು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕಿಮೋ ಮುಗಿಸಿದ 889 ಜನ. ಅರ್ಧ ಜನರಿಗೆ ಆರೋಗ್ಯ ಮಾಹಿತಿಯ ಪುಸ್ತಕ. ಇನ್ನರ್ಧ ಜನರಿಗೆ ಅದರ ಜೊತೆ ಮೂರು ವರ್ಷ ವ್ಯಾಯಾಮದ ಕಾರ್ಯಕ್ರಮ, ಬೆನ್ನು ಹತ್ತಿ ಮಾಡಿಸುವ ಒಬ್ಬ ತರಬೇತುದಾರ. ಬಹಳಷ್ಟು ಜನರಿಗೆ ಅದು ಬಿರುಸಿನ ನಡಿಗೆಯೇ ಆಗಿತ್ತು. ಎಂಟು ವರ್ಷದ ಲೆಕ್ಕ ತೆಗೆದಾಗ ವ್ಯಾಯಾಮದ ಗುಂಪಿನಲ್ಲಿ ಬದುಕಿದ್ದವರು 90.3%, ಪುಸ್ತಕದ ಗುಂಪಿನಲ್ಲಿ 83.2%. ನೂರಕ್ಕೆ ಏಳು ಜೀವ. ನೆನಪಿರಲಿ, ಇದು ಕರುಳಿನ ಕ್ಯಾನ್ಸರ್‌ನ ಲೆಕ್ಕ. ಬಾಯಿ ಕ್ಯಾನ್ಸರ್‌ಗೆ ಇದೇ ಅಂಕಿ ಅನ್ವಯಿಸೋಕೆ ಆಗಲ್ಲ. ಆದರೆ ಚಿಕಿತ್ಸೆ ನಂತರ ನಡೆದಾಡೋದು ಬರೀ ಮನಸ್ಸಿನ ಸಮಾಧಾನಕ್ಕೆ ಅನ್ನೋ ಕಾಲ ಮುಗೀತು.

ಇನ್ನು ಯೋಗ. ಬೆಂಗಳೂರಿನ ಎಸ್-ವ್ಯಾಸ ಮತ್ತು ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರ್ ಒಟ್ಟಿಗೆ ಮಾಡಿದ, 2014ರಲ್ಲಿ ಪ್ರಕಟವಾದ ಅಧ್ಯಯನ ಇದೆ. ರೇಡಿಯೇಷನ್ ತಗೊಳ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಯೋಗ ಮಾಡಿದವರ ದೈನಂದಿನ ಚಟುವಟಿಕೆ ಸುಧಾರಿಸಿತ್ತು. ಯೋಗದಿಂದ ಕ್ಯಾನ್ಸರ್ ವಾಸಿ ಅಂತ ಆ ಅಧ್ಯಯನ ಹೇಳಲ್ಲ. ವಾಟ್ಸಾಪ್ ಹೇಳುತ್ತೆ.

ಹಾಗಾದರೆ ಮೊದಲ ಸಲಹೆಯ ರಿಸಲ್ಟ್: ಫೇಲ್. 2019ರ ಅಂತಾರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಹೇಳೋದು ವಾರಕ್ಕೆ ಮೂರು ದಿನ, 30 ನಿಮಿಷ ಉಸಿರು ಸ್ವಲ್ಪ ಏರುವಷ್ಟು ನಡಿಗೆ ಅಥವಾ ಅಂಥದ್ದೇ ಚಟುವಟಿಕೆ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಸುಸ್ತಿಗೂ ಇದೇ ಮದ್ದು, ಕೇಳೋಕೆ ವಿಚಿತ್ರ ಅನಿಸಿದರೂ.

ಎರಡನೆಯ ಸಲಹೆ: ಸಕ್ರಿ ಬಂದ್, ಪುಡಿ ಚಾಲೂ

ಸಕ್ಕರೆಯ ಮಾತನ್ನ ಈ ಸೀಮೆಯಲ್ಲಿ ಆಡೋದು ತಮಾಷೆಯೇ. ಉಗಾರ ಖುರ್ದದಲ್ಲಿ 1939ರಲ್ಲೇ ಸಕ್ಕರೆ ಕಂಪನಿ ಶುರುವಾಯ್ತು. ಈಗ ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಐದು ತಾಲ್ಲೂಕಿನ ರಸ್ತೆ ತುಂಬ ಟ್ರ್ಯಾಕ್ಟರ್ ಸಾಲು. ಅಂಥ ಊರಲ್ಲಿ "ಸಕ್ರಿ ತಿಂದರ ಕ್ಯಾನ್ಸರ್ ಬೆಳೀತೈತಿ" ಅನ್ನೋ ಭಯ ಎಲ್ಲಿಂದ ಬಂತು?

1920ರ ದಶಕದಲ್ಲಿ ಜರ್ಮನಿಯ ಒಟ್ಟೋ ವಾರ್‌ಬರ್ಗ್ ಅನ್ನೋ ವಿಜ್ಞಾನಿ ಕ್ಯಾನ್ಸರ್ ಜೀವಕೋಶಗಳು ಬೇರೆ ಕೋಶಗಳಿಗಿಂತ ಬಹಳ ಹೆಚ್ಚು ಗ್ಲೂಕೋಸ್ ಬಳಸ್ತವೆ ಅಂತ ಕಂಡುಹಿಡಿದರು. ಅದು ನಿಜ. ಪೆಟ್ ಸ್ಕ್ಯಾನ್ ಕೆಲಸ ಮಾಡೋದೂ ಇದರ ಮೇಲೇ. ಆದರೆ ಅಲ್ಲಿಂದ "ಚಹಾಕ್ಕೆ ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತೆ" ಅನ್ನೋದಕ್ಕೆ ಜಿಗಿಯೋಕೆ ಆಗಲ್ಲ. ನೀವು ಸಕ್ಕರೆ ಬಿಟ್ಟರೂ ದೇಹ ಜೋಳದ ರೊಟ್ಟಿಯಿಂದ, ಅನ್ನದಿಂದ, ಕೊನೆಗೆ ಸ್ನಾಯುವಿನಿಂದಲೂ ಗ್ಲೂಕೋಸ್ ಮಾಡಿಕೊಳ್ಳುತ್ತೆ. ಸಕ್ಕರೆ ಬದಲು ಬೆಲ್ಲ ಅಂತ ಮಾಡಿದರೆ? ಬೆಲ್ಲದಲ್ಲೂ ಬಹುಪಾಲು ಇರೋದು ಅದೇ ಸಕ್ಕರೆ.

ಹಾಗಂತ ಸಕ್ಕರೆಗೆ ಕ್ಲೀನ್ ಚಿಟ್ ಇಲ್ಲ. ತೂಕ ಮಿತಿಮೀರಿ ಏರಿದರೆ ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತೆ. ಶುಗರ್ ಕಾಯಿಲೆ ಇದ್ದವರ ಲೆಕ್ಕ ಬೇರೆಯೇ. ಬಾಯಿಗೆ ರೇಡಿಯೇಷನ್ ಆದವರಿಗೆ ಮಾತ್ರ ಇನ್ನೊಂದು ನಿಜವಾದ ಕಾರಣ ಇದೆ, ಅದನ್ನ ಯಾರೂ ಹೇಳಲ್ಲ: ಹಲ್ಲು. ಜೊಲ್ಲು ಕಡಿಮೆಯಾದ ಬಾಯಲ್ಲಿ ಸಿಹಿ ಉಳಿದರೆ ಹಲ್ಲು ಬೇಗ ಹುಳುಕಾಗ್ತವೆ. ರೇಡಿಯೇಷನ್ ಆದ ದವಡೆಯಿಂದ ಹಲ್ಲು ಕೀಳಿಸೋದು ಅಪಾಯದ ಕೆಲಸ, ಎಲುಬಿನ ಗಾಯ ಮಾಯದೇ ಹೋಗಬಹುದು. ಹಾಗಾಗಿ ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗ "ನನಗ ರೇಡಿಯೇಷನ್ ಆಗೇತ್ರಿ" ಅಂತ ಮೊದಲು ಹೇಳಬೇಕು.

ಇನ್ನು ಪುಡಿ, ಮಾತ್ರೆ, ಟಾನಿಕ್. ಇಲ್ಲಿ ಇತಿಹಾಸ ಒಂದು ಕಪಾಳಮೋಕ್ಷ ಮಾಡಿದೆ. ತರಕಾರಿ, ಹಣ್ಣು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಅಂತ ಕಂಡಿತ್ತು. ಹಾಗಾದರೆ ಅದರ ಸಾರವನ್ನೇ ಮಾತ್ರೆ ಮಾಡಿ ಕೊಟ್ಟರೆ? ಫಿನ್‌ಲ್ಯಾಂಡ್‌ನಲ್ಲಿ ಸಿಗರೇಟ್ ಸೇದುವ 29,133 ಗಂಡಸರ ಮೇಲೆ ಪರೀಕ್ಷೆ ಆಯ್ತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಘಾತ. ಬೀಟಾ ಕ್ಯಾರೋಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಿತ್ತು. 2005ರಲ್ಲಿ ಕೆನಡಾದಿಂದ ಇನ್ನೊಂದು: ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದ 540 ರೋಗಿಗಳಲ್ಲಿ, ವಿಟಮಿನ್ ಇ ಮಾತ್ರೆ ತಗೊಳ್ತಿದ್ದ ಅವಧಿಯಲ್ಲಿ ಎರಡನೇ ಕ್ಯಾನ್ಸರ್ ಹೆಚ್ಚು ಕಾಣಿಸಿಕೊಳ್ತು. "ತಗೊಂಡರ ಏನ್ ಲುಕ್ಸಾನ್ ಐತಿ?" ಅಂತ ಕೇಳ್ತೀವಲ್ಲ, ಲುಕ್ಸಾನ್ ಇರಬಹುದು ಅಂತ ಗೊತ್ತಾದದ್ದು ಹೀಗೆ.

2018ರಲ್ಲಿ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯವರು ಜಗತ್ತಿನ ಅಧ್ಯಯನಗಳನ್ನೆಲ್ಲ ಕೂಡಿಸಿ ಕೊಟ್ಟ ಸಲಹೆ ಕೇಳಿದರೆ ನಮ್ಮ ಅಡುಗೆಮನೆ ನೆನಪಾಗುತ್ತೆ: ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು ಹೆಚ್ಚು, ಸಿಹಿ ಪಾನೀಯ, ಪ್ಯಾಕೆಟ್ ತಿನಿಸು, ಮದ್ಯ ಕಡಿಮೆ, ಕ್ಯಾನ್ಸರ್ ತಡೆಯೋಕೆ ಅಂತ ಮಾತ್ರೆಗಳ ಮೇಲೆ ಭರವಸೆ ಬೇಡ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಮೆಂತ್ಯ, ಶೇಂಗಾ ಹಿಂಡಿ, ಮೊಸರು. ಇದಕ್ಕೆ ಕೊರಿಯರ್‌ನಲ್ಲಿ ತರಿಸುವ ಡಬ್ಬಿ ಬೇಕಿಲ್ಲ. ನುಂಗೋಕೆ ಆಗದವರಿಗೆ ರೊಟ್ಟಿಯನ್ನ ಸಾರಿನಲ್ಲಿ ನೆನೆಸಿ, ಬ್ಯಾಳಿ ಗಟ್ಟಿಯಾಗಿ ಬೇಯಿಸಿ, ಗಂಜಿಗೆ ತುಪ್ಪ ಹಾಕಿ, ತಿನ್ನುವವರಾದರೆ ಮೊಟ್ಟೆ ಕೂಡ. ಚಿಕಿತ್ಸೆ ಆಗಿ ತೂಕ ಕಳ್ಕೊಂಡವರಿಗೆ "ಅದು ಬ್ಯಾಡ, ಇದು ಬ್ಯಾಡ" ಅನ್ನೋ ಪಥ್ಯ ಮೊದಲು ಕಸಿಯೋದು ಸ್ನಾಯುವನ್ನ.

ಎರಡನೆಯ ಸಲಹೆಯೂ ಹೆಚ್ಚುಕಡಿಮೆ ಫೇಲ್. ಈಗ ಕಷ್ಟದ್ದಕ್ಕೆ ಬರೋಣ.

ಮೂರನೆಯ ಸಲಹೆ: ಇನ್ನ ಬಿಟ್ಟು ಏನ್ ಮಾಡೂದೈತಿ?

ಇದಕ್ಕೆ 400 ವರ್ಷ ಹಿಂದೆ, ಅಥಣಿಯಿಂದ ಪೂರ್ವಕ್ಕೆ, ಆದಿಲ್‌ಶಾಹಿಗಳ ವಿಜಯಪುರಕ್ಕೆ ಹೋಗಬೇಕು. 1600ರ ದಶಕದ ಆರಂಭದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಅಲ್ಲಿಗೆ ಬಂದ. ಅಲ್ಲಿ ಹೊಸದೊಂದು ವಸ್ತು ಕಂಡ, ತಂಬಾಕು. ಪೋರ್ಚುಗೀಸರ ಮೂಲಕ ಬಂದದ್ದು. ರತ್ನ ಕೂಡಿಸಿದ ಚಂದದ ಕೊಳವೆ ಸಮೇತ ಅದನ್ನ ಆಗ್ರಾಕ್ಕೆ ಒಯ್ದು ಬಾದಶಾಹನ ಮುಂದಿಟ್ಟ. ಅಸದ್ ಬೇಗ್ ಬರೆದಿಟ್ಟ ಪ್ರಕಾರ ಅಕ್ಬರ ಎರಡು ಮೂರು ದಮ್ ಎಳೆದ. ಹಕೀಮನಿಗೆ ಗಾಬರಿ. ಇದು ಪರೀಕ್ಷೆ ಆಗದ ವಸ್ತು, ಇದರ ಗುಣದೋಷ ನಮ್ಮ ಗ್ರಂಥಗಳಲ್ಲಿ ಇಲ್ಲ, ಬಾದಶಾಹರು ಇದನ್ನ ಸೇದಬಾರದು ಅಂತ ತಡೆದ. ಹೊಸದು ಅಂತ ಬೇಡ ಅನ್ನೋದಾದರೆ ಜಗತ್ತಿನಲ್ಲಿ ಎಲ್ಲವೂ ಒಂದು ಕಾಲಕ್ಕೆ ಹೊಸದೇ ಅಲ್ವಾ ಅಂತ ಅಸದ್ ಬೇಗನ ವಾದ. ಅಕ್ಬರ ಚಟ ಮಾಡಿಕೊಳ್ಳಲಿಲ್ಲ. ಆಸ್ಥಾನದವರು ಮಾಡಿಕೊಂಡರು. ವ್ಯಾಪಾರಿಗಳು ಮಾರೋಕೆ ಶುರು ಮಾಡಿದರು.

ಹಕೀಮ ಕೇಳಿದ ಪ್ರಶ್ನೆ, ಪರೀಕ್ಷೆ ಆಗಿದೆಯಾ ಅನ್ನೋದು, ಅದಕ್ಕೆ ಉತ್ತರ ಬರೋಕೆ 300 ವರ್ಷಕ್ಕೂ ಹೆಚ್ಚು ಬೇಕಾಯ್ತು. ಉತ್ತರ ಕೊಟ್ಟವರಲ್ಲಿ ನಮ್ಮ ದೇಶದಲ್ಲಿ ಕೆಲಸ ಮಾಡಿದವರು ಮುಂದಿದ್ದರು. 1933ರಲ್ಲಿ ಓರ್ ಅನ್ನೋ ಡಾಕ್ಟರ್ ತಿರುವಾಂಕೂರಿನಲ್ಲಿ ಎಲೆ-ಅಡಿಕೆ-ತಂಬಾಕು ಜಗಿಯುವವರ ಬಾಯಿ ಕ್ಯಾನ್ಸರ್ ಬಗ್ಗೆ ಬರೆದರು. 1955ರಲ್ಲಿ ಸಂಘವಿ, ರಾವ್ ಮತ್ತು ಟಾಟಾ ಮೆಮೋರಿಯಲ್‌ನ ಖ್ಯಾತ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್ ಮುಂಬೈನ ರೋಗಿಗಳ ಲೆಕ್ಕ ಮುಂದಿಟ್ಟು, ಬೀಡಿ ಸೇದೋದು ಮತ್ತು ತಂಬಾಕು ಜಗಿಯೋದು ಬಾಯಿ-ಗಂಟಲಿನ ಕ್ಯಾನ್ಸರ್‌ಗೆ ಹೇಗೆ ಸಂಬಂಧಿಸಿವೆ ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೋರಿಸಿದರು.

ಅಷ್ಟರಲ್ಲಿ ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆಯಾಗಿತ್ತು. ದೇಶದಲ್ಲಿ ಬೀಡಿ ತಂಬಾಕಿಗೆ ಗುಜರಾತಿನ ಚರೋತರ ಬಿಟ್ಟರೆ ನಿಪ್ಪಾಣಿಯದೇ ಹೆಸರು. ಕಪ್ಪು ಮಣ್ಣು, ಮಳೆಗಾಲದ ಸಸಿ, ಕುಡಿ ಮುರಿದು ಎಲೆ ದಪ್ಪ ಮಾಡೋದು, ಬಿಸಿಲಿಗೆ ಒಣಗಿಸೋದು, ಆಮೇಲೆ ವಖಾರಿ. ವಖಾರಿಯಲ್ಲಿ ಕುಟ್ಟಿ, ಸೋಸಿ, ಚೀಲ ತುಂಬುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಆ ಹೆಂಗಸರು 1980ರ ಆಸುಪಾಸು ಸಂಘ ಕಟ್ಟಿ, ಕೂಲಿಗಾಗಿ, ಮರ್ಯಾದೆಗಾಗಿ ಬೀದಿಗಿಳಿದರು. ದೀಪಾ ಧನರಾಜ್ ಇದ್ದ ಯುಗಾಂತರ್ ತಂಡ 1982ರಲ್ಲಿ ಅವರ ಮೇಲೆ 'ತಂಬಾಕೂ ಚಾಕಿಲಾ ಊಬ್ ಆಲಿ' ಅನ್ನೋ ಮರಾಠಿ ಸಾಕ್ಷ್ಯಚಿತ್ರ ಮಾಡಿತು. 1981ರಲ್ಲಿ ತಂಬಾಕು ಬೆಳೆದ ರೈತರು ಬೆಲೆಗಾಗಿ ಶರದ್ ಜೋಶಿ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಮೇಲೆ ಕೂತರು. ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ರೈತರು ಸತ್ತರು. ಈ ಊರಿಗೆ ತಂಬಾಕು ಬರೀ ಚಟ ಅಲ್ಲ. ಅದು ಕೂಲಿ, ಸಾಲ, ಮಗಳ ಮದುವೆ, ಹುತಾತ್ಮರ ನೆನಪು.

ಇದನ್ನ ಯಾಕೆ ಹೇಳ್ತಿದೀನಿ ಅಂದರೆ, "ತಂಬಾಕು ಬಿಡಿ" ಅನ್ನೋ ಮಾತು ಬೇರೆ ಊರಲ್ಲಿ ಒಬ್ಬ ಮನುಷ್ಯನ ಮನಸ್ಸಿಗೆ ಹೇಳುವ ಮಾತು. ಇಲ್ಲಿ ಅದು ಮನೆ ಮುಂದಿನ ವಖಾರಿಗೂ, ಹೊಲಕ್ಕೂ, ಕಟ್ಟೆ ಮೇಲಿನ ಗೆಳೆಯರಿಗೂ ತಾಗುತ್ತೆ. 1990ರ ಆಸುಪಾಸು ಮುಂಬೈನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಬೀಡಿ ಉದ್ಯಮದ ಕೆಲಸಗಾರರ ಮೂತ್ರ ಪರೀಕ್ಷಿಸಿದಾಗ, ನಿಕೋಟಿನ್‌ನಿಂದ ಹುಟ್ಟುವ ಕೊಟಿನಿನ್ ಸಿಕ್ಕಿತು. ಕೈಗೆ, ಉಸಿರಿಗೆ ತಾಗಿದ ತಂಬಾಕೇ ಮೈಯೊಳಗೆ ಹೋಗಿತ್ತು. ಚಿಕಿತ್ಸೆ ಮುಗಿಸಿ ಬಂದ ಅಕ್ಕ ಮತ್ತೆ ವಖಾರಿಗೆ ಹೋದರೆ ತಂಬಾಕು ಬಿಟ್ಟಳು ಅನ್ನೋದು ಅರ್ಧ ಸತ್ಯ.

ಹಾಗಾದರೆ "ಆಗೂದು ಆಗೇತಿ" ಅನ್ನೋದು ಸರಿಯಾ? ಪುರಾವೆ ಏನು ಹೇಳುತ್ತೆ?

1953ರಲ್ಲಿ ಷಿಕಾಗೋದ ಸ್ಲಾಟರ್ ಮತ್ತು ಸಂಗಡಿಗರು 783 ಬಾಯಿ ಕ್ಯಾನ್ಸರ್ ರೋಗಿಗಳ ಅಂಗಾಂಶ ನೋಡಿದರು. ಗಡ್ಡೆಯ ಸುತ್ತ ಚೆನ್ನಾಗಿದೆ ಅಂತ ಕಾಣುವ ಜಾಗದಲ್ಲೂ ಬದಲಾವಣೆ ಇತ್ತು. ಹೊಲದ ಲೆಕ್ಕದಲ್ಲಿ ಹೇಳಬೇಕಂದ್ರೆ ಒಂದು ಕಳೆ ಕಿತ್ತರು, ಆದರೆ ಬೀಜ ಇಡೀ ಹೊಲದಲ್ಲಿ ಬಿದ್ದಿದೆ. ಅದಕ್ಕೇ ಒಮ್ಮೆ ಬಾಯಿ ಕ್ಯಾನ್ಸರ್ ಆದವರಿಗೆ ಬಾಯಿ, ಗಂಟಲಲ್ಲಿ ಇನ್ನೊಂದು ಹೊಸ ಕ್ಯಾನ್ಸರ್ ಬರುವ ಅಪಾಯ ಇರುತ್ತೆ. ತಂಬಾಕು ಮುಂದುವರಿಸೋದು ಅಂದರೆ ಅದೇ ಹೊಲಕ್ಕೆ ಮತ್ತೆ ನೀರು ಬಿಟ್ಟ ಹಾಗೆ. 2014ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ, ಕ್ಯಾನ್ಸರ್ ಪತ್ತೆ ಆದ ಮೇಲೂ ಸೇದುತ್ತಾ ಹೋದವರಲ್ಲಿ ಸಾವು ಹೆಚ್ಚು ಅಂತ ಖಚಿತವಾಗಿ ಹೇಳಿತು. 2021ರಲ್ಲಿ ಮಾಸ್ಕೋದ ಅಧ್ಯಯನ ಬಂತು. ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದ, ಸಿಗರೇಟ್ ಸೇದುವ 517 ಜನ. ಪತ್ತೆ ಆದ ಮೇಲೆ ಬಿಟ್ಟವರು ಬದುಕಿದ ಮಧ್ಯಮ ಅವಧಿ 6.6 ವರ್ಷ, ಬಿಡದವರದ್ದು 4.8 ವರ್ಷ. ಇದು ಚೀಟಿ ಎತ್ತಿದ ಪರೀಕ್ಷೆ ಅಲ್ಲ. ಯಾರಿಗೂ "ನೀವು ಸೇದ್ತಾ ಇರಿ" ಅಂತ ಹೇಳೋಕೆ ಆಗಲ್ಲವಲ್ಲ. ಆದರೂ ಸುಮಾರು 22 ತಿಂಗಳ ವ್ಯತ್ಯಾಸ. "ಇನ್ನ ಬಿಟ್ಟು ಏನ್ ಮಾಡೂದೈತಿ" ಅನ್ನೋ ಪ್ರಶ್ನೆಗೆ ಉತ್ತರ: ಬಹಳ ಮಾಡೂದೈತಿ.

ಇಲ್ಲಿ ಎರಡು ಕಳ್ಳದಾರಿಗಳ ಬಗ್ಗೆ ಎಚ್ಚರ. ಒಂದು ಮಿಶ್ರಿ. ತಂಬಾಕು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು, ಗಡಿಯ ಎರಡೂ ಕಡೆ ಎಷ್ಟೋ ಅವ್ವಂದಿರ ಬೆಳಗು ಶುರುವಾಗೋದೇ ಅದರಿಂದ. "ನಾ ತಂಬಾಕ ತಿನ್ನೂದಿಲ್ಲ, ಬರೇ ಮಿಶ್ರಿ ಹಚ್ತೀನಿ" ಅಂತಾರೆ. ಡಾಕ್ಟರ್ "ತಂಬಾಕು ತಿಂತೀರಾ?" ಅಂತ ಕೇಳಿದಾಗ "ಇಲ್ಲ" ಅನ್ನೋದು ಸುಳ್ಳಲ್ಲ, ಪ್ರಶ್ನೆಯೇ ಅವರಿಗೆ ತಲುಪಿಲ್ಲ. ಮಿಶ್ರಿ ತಂಬಾಕೇ. ಎರಡನೆಯದು ಅಡಿಕೆ. ತಂಬಾಕು ಬಿಟ್ಟು ಬರೀ ಸುಪಾರಿ ಹಿಡಿಯೋದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಅಂತ ಪ್ರಕಟಿಸಿದೆ, ತಂಬಾಕು ಇಲ್ಲದೆಯೂ. ಮಾವಾದಲ್ಲಂತೂ ಎರಡೂ ಇವೆ. ಗುಟ್ಕಾವನ್ನ ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಪಾನ್ ಮಸಾಲಾ ಒಂದು ಪುಡಿಕೆ, ತಂಬಾಕು ಒಂದು ಪುಡಿಕೆ ಅಂತ ಅಂಗಡಿಯಲ್ಲಿ ಜೋಡಿಯಾಗಿ ನೇತಾಡೋದು ನೀವೂ ನೋಡಿದ್ದೀರಿ.

ಹೀಗಾಗಿ ಬಿಡುವುದು ಒಬ್ಬರ ಗಟ್ಟಿ ಮನಸ್ಸಿಗೆ ಬಿಟ್ಟ ಕೆಲಸ ಅಲ್ಲ. ಮನೆಯ ಬೇರೆಯವರು ಮನೆಯೊಳಗೆ ಚೀಟು ತರದೇ ಇರೋದು, ಕಟ್ಟೆಯ ಗೆಳೆಯರು ಮುಂದೆ ಚಾಚದೇ ಇರೋದು, ವಖಾರಿ ಬಿಟ್ಟು ಬೇರೆ ಕೆಲಸ ಸಿಗೋದು, ಇವೆಲ್ಲ ಚಿಕಿತ್ಸೆಯ ಭಾಗವೇ. ಬರೆದುಕೊಳ್ರಿ: ತಂಬಾಕು ಬಿಡೋಕೆ ರಾಷ್ಟ್ರೀಯ ಸಹಾಯವಾಣಿ 1800-11-2356, ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೂ ಮಾತಾಡ್ತಾರೆ. ಭಯ, ನಿದ್ದೆ ಬಾರದ ರಾತ್ರಿ, "ಮತ್ತ ಬಂದ್ರ?" ಅನ್ನೋ ಚಿಂತೆಗೆ ಟೆಲಿ-ಮಾನಸ್ 14416.

ಲೆಕ್ಕ ಮುಗಿಸುವಾಗ

ಮೂರು ಸಲಹೆ, ಮೂರೂ ಫೇಲ್. ಅವುಗಳ ಜಾಗಕ್ಕೆ ಬಂದದ್ದು ಏನು? ಮೆಲ್ಲಗೆ ಶುರು ಮಾಡಿ ದಿನಾ ನಡೆಯೋದು. ಭುಜ, ದವಡೆಯ ವ್ಯಾಯಾಮ ಬಿಡದೇ ಮಾಡೋದು. ಮನೆಯ ಊಟವನ್ನೇ ಹೊಟ್ಟೆ ತುಂಬ ಉಣ್ಣೋದು, ಡಬ್ಬಿಯ ಪುಡಿಯನ್ನ ಡಾಕ್ಟರಿಗೆ ತೋರಿಸದೇ ಮುಟ್ಟದೇ ಇರೋದು. ತಂಬಾಕು, ಮಿಶ್ರಿ, ಸುಪಾರಿ ಮೂರನ್ನೂ ಬಿಡೋದು. ಮದ್ಯ ಬಿಡೋದು. ಕರೆದ ದಿನ ಚೆಕಪ್‌ಗೆ ಹೋಗೋದು, ಆರಾಮ ಇದ್ದರೂ. ಬಾಯಲ್ಲಿ ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ-ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಕರೆದ ದಿನಕ್ಕೆ ಕಾಯದೇ ಹೋಗೋದು.

ನೋಡೋಕೆ ಸಣ್ಣ ಪಟ್ಟಿ. ಆದರೆ ಇದರ ಹಿಂದೆ ಮದ್ರಾಸಿನ ಇಕ್ಕಟ್ಟಾದ ಮನೆಗಳ ಕ್ಷಯರೋಗಿಗಳಿದ್ದಾರೆ, ಒಹಾಯೊದಲ್ಲಿ ಕಿಮೋ ನಡುವೆ ಸೈಕಲ್ ತುಳಿದ ಹೆಂಗಸರಿದ್ದಾರೆ, ಟಾಟಾದ 500 ರೋಗಿಗಳಿದ್ದಾರೆ. ತಮಗೆ ಯಾವ ಗುಂಪಿನ ಚೀಟಿ ಬರುತ್ತೆ ಅಂತ ಗೊತ್ತಿಲ್ಲದೇ ಒಪ್ಪಿಕೊಂಡವರು ಅವರು. ನಮ್ಮ ಮನೆಯ ಕಟ್ಟೆ ಮೇಲೆ ಕೂತು ಯಾರೋ "ಸುಮ್ನ ಮಲ್ಕೋ" ಅಂದಾಗ, "ಇಲ್ಲರೀ ಕಾಕಾ, ಒಂದು ರೌಂಡ್ ಹೋಗಿ ಬರ್ತಾರ, ನೀವೂ ಜೋಡಿ ಹೋಗ್ರಿ" ಅಂತ ಹೇಳೋ ಧೈರ್ಯವನ್ನ ನಮಗೆ ಕೊಟ್ಟವರು ಅವರೇ.

ಈ ಎಪಿಸೋಡನ್ನ ಫೈಲ್ ಹಿಡ್ಕೊಂಡು ಮನೆಗೆ ಬಂದಿರೋ ಒಬ್ಬರ ಮನೆಯವರಿಗೆ ಕಳಿಸಿ. ಓದೋಕೆ ಬಾರದ ಅವ್ವನಿಗೆ ಸ್ಪೀಕರ್ ಹಾಕಿ ಕೇಳಿಸಿ, ಮಿಶ್ರಿಯ ಭಾಗವನ್ನಂತೂ ಎರಡು ಸಲ.